ಹಸಿವೆ ಎಂಬ ವೇದನೀಯ

ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿ, ಪಾರ್ಶ್ವನಾಥ ಬಸದಿಯೊಳಗೆ, ಶಕ 1050ರ ಮಲ್ಲಿಷೇಣ ಪ್ರಶಸ್ತಿಯಿದೆ. ಆಚಾರ್ಯಪರಂಪರೆಯನ್ನು ಸ್ತುತಿಸುವ ಈ ಶಾಸನವು ಸಮಂತಭದ್ರರನ್ನು ನೆನೆಯುವಾಗ ಅವರ ವಾದವೈಭವಕ್ಕಿಂತ ಮೊದಲು ಅವರು ಗೆದ್ದ ಭಸ್ಮಕವ್ಯಾಧಿಯನ್ನು ಹೆಸರಿಸುತ್ತದೆ. ಉಂಡದ್ದೆಲ್ಲ ಬೂದಿಯಾಗಿ, ಉಂಡ ಮರುಗಳಿಗೆಯೇ ಹೊಟ್ಟೆ ಉರಿಯುವ ರೋಗವದು. ‘ಆಪ್ತಮೀಮಾಂಸೆ’ಯ ಕರ್ತೃವನ್ನು ಹಸಿವೆಯ ರೋಗಿಯೆಂದು ನೆನೆಯಲು ಪರಂಪರೆ ನಾಚಲಿಲ್ಲ ಎಂಬುದು ಗಮನಾರ್ಹ.

19ನೆಯ ಶತಮಾನದ ದೇವಚಂದ್ರನ ‘ರಾಜಾವಳೀಕಥೆ’ ಈ ಕಥೆಯನ್ನು ಕನ್ನಡದಲ್ಲಿ ಹೇಳುತ್ತದೆ. ವ್ಯಾಧಿ ತಾಳಲಾರದೆ ಸಮಂತಭದ್ರರು ಗುರುವಿನಲ್ಲಿ ಸಲ್ಲೇಖನಕ್ಕೆ ಅನುಮತಿ ಬೇಡುತ್ತಾರೆ, ಗುರು ಒಪ್ಪುವುದಿಲ್ಲ. ದೀಕ್ಷೆಯನ್ನು ಬದಿಗಿಟ್ಟು, ರೋಗವನ್ನು ವಾಸಿ ಮಾಡಿಕೊಂಡು ಮರಳಿ ಬಾ ಎನ್ನುತ್ತಾನೆ. ಅವರು ವೇಷ ಮರೆಸಿ ಶಿವಾಲಯವೊಂದರ ನೈವೇದ್ಯವನ್ನು ಉಣ್ಣುತ್ತಾರೆ. ದಿನಗಳು ಸರಿದಂತೆ ವ್ಯಾಧಿ ಇಳಿಯುತ್ತದೆ, ನೈವೇದ್ಯ ಉಳಿಯತೊಡಗುತ್ತದೆ. ಉಳಿದ ಅನ್ನವೇ ಗುಟ್ಟನ್ನು ರಟ್ಟು ಮಾಡುತ್ತದೆ. ಗುಣಮುಖತೆಯ ಮೊದಲ ಸಾಕ್ಷಿಯೂ ಅದೇ. ಇಲ್ಲಿ ಗುರು ಶಿಷ್ಯನ ಹಸಿವೆಯನ್ನು ಚಾರಿತ್ರ್ಯದ ದೋಷವೆಂದು ಎಣಿಸಲಿಲ್ಲ, ಚಿಕಿತ್ಸೆಗೆ ಅರ್ಹವಾದ ರೋಗವೆಂದು ಕಂಡ.

ಈ ವಿವೇಕ ಇಂದಿಗೂ ಎಷ್ಟು ಅಗತ್ಯವೆಂಬುದಕ್ಕೆ ಪ್ರೌಢಶಾಲೆಯಲ್ಲಿ ಗಣಿತ ಕಲಿಸುವ, ಐವತ್ತೆರಡರ ಹರೆಯದ ಶ್ರಾವಿಕೆಯೊಬ್ಬರ ಅನುಭವವನ್ನು ನೋಡಬಹುದು. ಮಧುಮೇಹ ಮತ್ತು ಮಂಡಿನೋವಿನಿಂದ ಬಳಲುತ್ತಿದ್ದ ಅವರು 108 ಕಿಲೋ ತೂಕವಿದ್ದಾಗ ಸ್ಲೀವ್ ಗ್ಯಾಸ್ಟ್ರೆಕ್ಟಮಿ ಎಂಬ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಇದರಲ್ಲಿ ಜಠರದ ಸುಮಾರು ಮುಕ್ಕಾಲು ಭಾಗವನ್ನೋ ತುಸು ಹೆಚ್ಚನ್ನೋ ಕತ್ತರಿಸಿ ತೆಗೆದು, ಬಾಳೆಹಣ್ಣಿನಾಕಾರದ ಒಂದು ನಳಿಗೆಯನ್ನಷ್ಟೇ ಉಳಿಸುತ್ತಾರೆ. ಹಸಿವೆಯನ್ನು ಕೆರಳಿಸುವ ಘ್ರೆಲಿನ್ ಎಂಬ ಹಾರ್ಮೋನು ಹೆಚ್ಚಾಗಿ ಹುಟ್ಟುವುದು ಜಠರದ ಮೇಲ್ಭಾಗದಲ್ಲಿ; ಆ ಭಾಗವೇ ಹೋಗುವುದರಿಂದ ಮೊದಲ ತಿಂಗಳುಗಳಲ್ಲಿ ಹಸಿವೆ ಬಹಳ ಮಟ್ಟಿಗೆ ಅಡಗುತ್ತದೆ. ಅವರಿಗೂ ಹಾಗೆಯೇ ಆಯಿತು. ಅರ್ಧ ಬಟ್ಟಲು ಹೆಸರುಬೇಳೆಯ ಕಟ್ಟು ಉಳಿಯುತ್ತಿತ್ತು. ಐದನೆಯ ತಿಂಗಳ ಕೊನೆಗೆ ತೂಕ 86ಕ್ಕೆ ಇಳಿಯಿತು.

ಏಳನೆಯ ತಿಂಗಳಿನಿಂದ ಬಟ್ಟಲು ಬರಿದಾಗತೊಡಗಿತು, ತೂಕದ ಇಳಿಕೆ ನಿಧಾನವಾಯಿತು. ಎರಡು ತಿಂಗಳಲ್ಲಿ ಇಳಿದದ್ದು ಒಂದೂವರೆ ಕಿಲೋ. ಪ್ರತಿ ಸೋಮವಾರ ತೂಕ ಬರೆದಿಡುತ್ತಿದ್ದ ನೋಟ್‌ಬುಕ್ಕನ್ನು ಅವರು ಬೀರುವಿನೊಳಗೆ ಇಟ್ಟುಬಿಟ್ಟರು. ರಾತ್ರಿ ಹತ್ತರ ಹೊತ್ತಿಗೆ ಹೊಟ್ಟೆಯಲ್ಲಿ ಕೊರೆತ. ಅತ್ತೆ ಕೇಳಿದರು: “ಹಸಿವು ಕಡಿಮೆಯಾಗಲಿ ಅಂತ ತಾನೇ ಹೊಟ್ಟೆ ಕೊಯ್ಸಿಕೊಂಡದ್ದು? ಮತ್ತೆ ಹಸಿವು ಅಂತೀಯಲ್ಲಮ್ಮಾ. ಹತ್ತು ದಿನ ಮನಸ್ಸಿಟ್ಟು ಉಪವಾಸ ಮಾಡಿದ್ದರೆ ಆಪರೇಷನ್ನೇ ಬೇಕಿರಲಿಲ್ಲ.” ಮಾತಿನಲ್ಲಿ ಕೇಡಿರಲಿಲ್ಲ. ವ್ರತಗಳ ಮನೆಯಲ್ಲಿ ಹಸಿವೆಯೆಂದರೆ ಗೆಲ್ಲಬೇಕಾದದ್ದು. ಗೆಲ್ಲದವರು ದುರ್ಬಲರು ಎಂಬ ತಿಳಿವಳಿಕೆ ಅದರಲ್ಲಿತ್ತು. ಸೊಸೆಯೂ ಅದನ್ನೇ ನಂಬಿದ್ದರು. ನೋವಿನ ಮೂಲ ಅಲ್ಲಿತ್ತು.

ಆದರೆ ಸಿದ್ಧಾಂತಗ್ರಂಥಗಳು ಹಾಗೆ ಹೇಳುವುದಿಲ್ಲ. ಕರ್ಮವಿಚಾರದಲ್ಲಿ ಹಸಿವೆಯ ಪರೀಷಹಕ್ಕೆ ಕಾರಣ ವೇದನೀಯ ಕರ್ಮ. ಲೋಭಕ್ಕೆ ಕಾರಣ ಮೋಹನೀಯ. ಎರಡೂ ಬೇರೆ. ಹಸಿವೆ ಒಂದು ವೇದನೆ. ತಲೆನೋವಿಗಿಂತ ಹೆಚ್ಚಿನ ನೈತಿಕ ಕಳಂಕ ಅದಕ್ಕಿಲ್ಲ. ಇಪ್ಪತ್ತೆರಡು ಪರೀಷಹಗಳಲ್ಲಿ ಕ್ಷುಧೆಯೇ ಮೊದಲನೆಯದಾಗಿರುವುದು ಅದು ಮುನಿಗೂ ಇದ್ದೇ ಇರುತ್ತದೆಂಬ ಕಾರಣಕ್ಕೆ. ಇಲ್ಲದ್ದನ್ನು ಸಹಿಸಬೇಕಿಲ್ಲವಷ್ಟೆ.

ಚಾವುಂಡರಾಯನ ಸಮಕಾಲೀನರಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ‘ಗೊಮ್ಮಟಸಾರ’ ಇನ್ನೂ ಸೂಕ್ಷ್ಮವಾಗಿ ವಿಂಗಡಿಸುತ್ತದೆ. ಆಹಾರಸಂಜ್ಞೆ ಹುಟ್ಟಲು ಅದು ನಾಲ್ಕು ಕಾರಣಗಳನ್ನು ಕೊಡುತ್ತದೆ: ಆಹಾರವನ್ನು ಕಾಣುವುದು, ಅದರಲ್ಲಿ ಚಿತ್ತವಿಡುವುದು, ಹೊಟ್ಟೆ ಬರಿದಾಗಿರುವುದು, ಅಸಾತಾವೇದನೀಯದ ಉದೀರಣೆ. ಹೊಟ್ಟೆಯ ಹಸಿವೆ, ಮನಸ್ಸಿನ ಹಸಿವೆ ಎಂದು ಇಂದಿನ ಆಹಾರತಜ್ಞರು ಬಿಡಿಸಿ ಹೇಳುವುದಕ್ಕೆ ಇದು ಬಹಳ ಹತ್ತಿರ. ಈ ಪಟ್ಟಿಯನ್ನು ಎದುರಿಗಿಟ್ಟುಕೊಂಡು ಶಿಕ್ಷಕಿ ತಮ್ಮ ರಾತ್ರಿಗಳನ್ನು ಲೆಕ್ಕ ಹಾಕಿದರು. ಕೆಲವು ರಾತ್ರಿಗಳ ಹಸಿವೆ ಮೊಬೈಲಿನಲ್ಲಿ ಕಂಡ ಅಡುಗೆಯ ವಿಡಿಯೋದ್ದು. ಹೆಚ್ಚಿನವು ಮೂರನೆಯ ಕಾರಣದವು.

ಆ ಬರಿದಾಗುವಿಕೆಗೆ ಕಾರಣ ದಿನಚರಿಯಲ್ಲಿತ್ತು. ವೈದ್ಯರ ಸೂಚನೆಯಂತೆ ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನು, ಐದಾರು ಸಣ್ಣ ಊಟಗಳಲ್ಲಿ. ಊಟದೊಂದಿಗೆ ನೀರು ಕುಡಿಯುವಂತಿಲ್ಲ, ಊಟವಾದ ಮೇಲೂ ಅರ್ಧ ಗಂಟೆ ಬಿಡಬೇಕು. ಮೊಟ್ಟೆ ವರ್ಜ್ಯ. ಸೂರ್ಯಾಸ್ತದ ಬಳಿಕ ಆಹಾರವಿಲ್ಲ. ಶಾಲೆಯಲ್ಲಿ ಒಂದರ ಮೇಲೊಂದು ತರಗತಿ. ಆರು ಊಟ ಮೂರಕ್ಕೆ ಇಳಿದಿದ್ದವು, ಪ್ರೋಟೀನು ಅರ್ಧಕ್ಕೆ. ತೂಕದ ನಿಧಾನಕ್ಕೆ ದೇಹದ ನಿಯಮವೂ ಸೇರಿತ್ತು: ಹಗುರಾದ ದೇಹಕ್ಕೆ ಕಡಿಮೆ ಶಕ್ತಿ ಸಾಕು, ಮೇದಸ್ಸು ಕರಗಿದಂತೆ ಅದು ಸ್ರವಿಸುವ ಲೆಪ್ಟಿನ್ ಇಳಿಯುತ್ತದೆ, ಮಿದುಳು ಅದನ್ನು ಬರಗಾಲವೆಂದು ಗ್ರಹಿಸಿ ಹಸಿವೆಯನ್ನು ಹೆಚ್ಚಿಸುತ್ತದೆ. ಇದರಲ್ಲಿ ಮನೋದೌರ್ಬಲ್ಯದ ಪಾತ್ರವಿಲ್ಲ. ವ್ರತವನ್ನು ಬಿಡದೆಯೇ ಅವರು ಬಿಡುವಿನ ಹೊತ್ತುಗಳಿಗೆ ಪನೀರು, ಮೊಸರು, ಬೇಳೆಯ ಡಬ್ಬಿಗಳನ್ನು ಹಂಚಿಕೊಂಡರು. ಕೊನೆಯದು ಸಂಜೆ ಐದೂವರೆಗೆ.

ಆಗ ದಶಲಕ್ಷಣ ಪರ್ವ ಬಂತು. ಉಪವಾಸ ಮಾಡುವ ಆಸೆ ಅವರಿಗಿತ್ತು, ವೈದ್ಯರು ಒಪ್ಪಲಿಲ್ಲ. ಬಾಹ್ಯತಪಸ್ಸುಗಳಲ್ಲಿ ಅನಶನದ ಮರುಹೆಜ್ಜೆಗೇ ಅವಮೌದರ್ಯವಿದೆ. ಕುಕ್ಷಿ ತುಂಬಲು ಪುರುಷನಿಗೆ 32 ತುತ್ತು, ಸ್ತ್ರೀಗೆ 28 ಎಂದು ‘ಭಗವತೀ ಆರಾಧನೆ’ ಲೆಕ್ಕ ಹೇಳುತ್ತದೆ; ಅದಕ್ಕೆ ಒಂದು ತುತ್ತು ಕಡಿಮೆಯಾದರೂ ಅವಮೌದರ್ಯವೇ. ಕತ್ತರಿಸಿದ ಜಠರಕ್ಕೆ ಈ ಸಂಖ್ಯೆ ಹೊಂದದು. ಸಣ್ಣ ಹೊಟ್ಟೆಯವರು ಸ್ವಲ್ಪ ಉಣ್ಣುವುದು ತಪಸ್ಸಲ್ಲ, ಅನಿವಾರ್ಯ. ಶಸ್ತ್ರಚಿಕಿತ್ಸೆಯನ್ನೇ ತಪಸ್ಸೆಂದು ಹೊಗಳುವುದೂ ಅದನ್ನು ಸೋಲೆಂದು ಹಳಿಯುವಷ್ಟೇ ತಪ್ಪು. ಆದರೆ ಸೂತ್ರದ ಜೀವಾಳ ಸಂಖ್ಯೆಯಲ್ಲ, ಕುಕ್ಷಿಪೂರಣ. ಶಿಕ್ಷಕಿಯ ಕುಕ್ಷಿ ತುಂಬುವುದು ಹನ್ನೆರಡು ತುತ್ತಿಗೆ. ಹೊಟ್ಟೆ ಬಿಗಿಯುವ ಮೊದಲೇ ನಿಲ್ಲಿಸಬೇಕೆಂದು ಆಸ್ಪತ್ರೆಯಲ್ಲೂ ಹೇಳಿದ್ದರು. ಉತ್ತಮ ತಪದ ದಿನ ಅವರು ಪ್ರತಿ ಊಟದಲ್ಲೂ ಹನ್ನೊಂದನೆಯ ತುತ್ತಿಗೆ ಕೈ ತೊಳೆದರು. ಆರು ಊಟಗಳಲ್ಲಿ ಒಂದನ್ನೂ ತಪ್ಪಿಸಲಿಲ್ಲ.

ಅಂದು ಏಕಾಶನದಲ್ಲಿದ್ದ ಅತ್ತೆ, ಸಂಜೆ ಐದೂವರೆಗೆ ತಾವೇ ಬೇಳೆಯ ಬಟ್ಟಲನ್ನು ತಂದಿಟ್ಟರು. “ಹೊತ್ತು ಮುಳುಗುವುದರೊಳಗೆ ಮುಗಿಸಮ್ಮ” ಎಂದಷ್ಟೇ ಹೇಳಿದರು. ಹತ್ತನೆಯ ತಿಂಗಳಲ್ಲಿ ತೂಕ 700 ಗ್ರಾಂ ಇಳಿಯಿತು. ಸಂಖ್ಯೆ ಚಿಕ್ಕದು. ನೋಟ್‌ಬುಕ್ಕು ಮಾತ್ರ ಮತ್ತೆ ಮೇಜಿನ ಮೇಲಿದೆ. ಅದರಲ್ಲಿ ತೂಕದ ಪಕ್ಕಕ್ಕೆ ಆ ವಾರದ ಹಸಿವೆಗೆ ನಾಲ್ಕು ಕಾರಣಗಳಲ್ಲಿ ಯಾವುದು ಎಂಬ ಇನ್ನೊಂದು ಸಾಲು ಸೇರಿಕೊಂಡಿದೆ.