ಪೋಲೆಂಡಿನ ಬ್ಲೂಸ್ ಗಾಯಕರು

ಬ್ಲೂಸ್ ಎಂಬ ಹಾಡನ್ನು ಇಂಗ್ಲಿಷಿನಲ್ಲಲ್ಲದೆ ಬೇರೊಂದು ಭಾಷೆಯಲ್ಲಿ ಹಾಡುವುದು ಸಾಧ್ಯವೇ ಇಲ್ಲವೆಂದು ವಾದಿಸುವ ತರುಣರುಂಟು. ನಮ್ಮ ಮನೆಯಲ್ಲಿಯೂ ಒಬ್ಬನಿದ್ದಾನೆ. ನನ್ನ ಮೊಮ್ಮಗನು ಗಿಟಾರು ನುಡಿಸುತ್ತಾನೆ, ಶ್ರುತಿಜ್ಞಾನವೂ ಚೆನ್ನಾಗಿದೆ, ಆದರೆ ಬಾಯಿ ತೆರೆದರೆ ಪರಭಾಷೆ. ಕಾರಣವನ್ನು ಕೇಳಿದರೆ, “ಕನ್ನಡದಲ್ಲಿ ಹಾಡಿದರೆ ಕೂರುವುದಿಲ್ಲ, ತಾತ” ಎನ್ನುತ್ತಾನೆ. ಈ ಮಾತಿಗೆ ಉತ್ತರವನ್ನು ಅರಸುತ್ತ ನಾನು ಪೋಲೆಂಡ್ ದೇಶದವರೆಗೆ ಹೋಗಿಬಂದೆನು, ಕಾಲಿನಿಂದಲ್ಲ, ಕಿವಿಯಿಂದ.

ಬ್ಲೂಸ್ ಗಾನವು ಅಮೆರಿಕದ ದಕ್ಷಿಣ ಸೀಮೆಯಲ್ಲಿ, ದಾಸ್ಯವನ್ನು ಕಂಡ ಆಫ್ರಿಕಾ ಮೂಲದ ಜನರ ನಡುವೆ ಹುಟ್ಟಿದುದು. ಸಾಮಾನ್ಯವಾಗಿ ಹನ್ನೆರಡು ಆವರ್ತಗಳ ಕಟ್ಟು. ಒಂದು ಪಂಕ್ತಿಯನ್ನು ಎರಡು ಸಲ ಹಾಡಿ, ಮೂರನೆಯದರಲ್ಲಿ ಅದಕ್ಕೆ ಉತ್ತರ ಹೇಳುವುದು ವಾಡಿಕೆ. ಗಾಂಧಾರ ನಿಷಾದಗಳನ್ನು ತುಸು ಇಳಿಸಿ ಹಾಡುವುದರಿಂದ ಕರುಣರಸವು ತಾನಾಗಿ ಒಸರುತ್ತದೆ. ಅನ್ಯರ ಸಂಕಟದಿಂದ ಹುಟ್ಟಿದ ಈ ಧಾಟಿಯನ್ನು ಎರವಲು ಪಡೆದವನು ಅದರಲ್ಲಿ ತನ್ನ ಮಾತನ್ನು ಆಡಬಲ್ಲನೇ ಎಂಬುದು ಪ್ರಶ್ನೆ.

ಪೋಲೆಂಡಿನ ಆಗ್ನೇಯ ಭಾಗದಲ್ಲಿ ಝೆಶೂಫ್ ಎಂಬುದೊಂದು ಪಟ್ಟಣ. ಅದರ ಸಮೀಪದ ಹಳ್ಳಿಯೊಂದರಲ್ಲಿ 1943ರಲ್ಲಿ ಜನಿಸಿದ ತದೇವುಷ್ ನಲೆಪ ಎಂಬಾತನು 1965ರಲ್ಲಿ ‘ಬ್ಲ್ಯಾಕೌಟ್’ ಎಂಬ ಮೇಳವನ್ನು ಕಟ್ಟಿದನು. 1968ರಲ್ಲಿ ಅದೇ ‘ಬ್ರೇಕೌಟ್’ ಆಯಿತು. ಹೆಸರು ಮಾತ್ರ ಇಂಗ್ಲಿಷು, ಹಾಡು ಪೋಲಿಷು. ಆ ವರ್ಷವೇ ಬೆಲ್ಜಿಯಂ, ಹಾಲೆಂಡ್ ಕಡೆ ಸಂಚಾರ ಹೋಗಿ, ತಮ್ಮ ದೇಶದಲ್ಲಿ ದೊರೆಯದಿದ್ದ ಧ್ವನಿವರ್ಧಕ ಯಂತ್ರಗಳನ್ನು ತಂದರು. 1969ರಲ್ಲಿ ‘ಕಾಮನಬಿಲ್ಲಿನ ಆಚೆಯ ದಡದಲ್ಲಿ’ ಎಂಬ ಅರ್ಥದ ಹೆಸರಿನ ಮೊದಲ ಧ್ವನಿಮುದ್ರಿಕೆ ಹೊರಬಂದಿತು. ನಲೆಪನ ಪತ್ನಿ ಮಿರಾ ಕುಬಾಶಿನ್ಸ್ಕ ಹಾಡಿದಳು. ಜಾಸ್ ವಿದ್ವಾಂಸ ನಹೋರ್ನಿ ಕೊಳಲನ್ನೂ ಸ್ಯಾಕ್ಸೊಫೋನನ್ನೂ ನುಡಿಸಿದನು. 1971ರ ‘ಬ್ಲೂಸ್’ ಎಂಬ ಮುದ್ರಿಕೆಯೇ ಇವರ ಉತ್ತಮ ಕೃತಿಯೆಂದು ನನಗೆ ತೋರುತ್ತದೆ. ಅದರಲ್ಲಿ ದಾರಿದ್ರ್ಯವು ನೆಂಟನಂತೆ ಮನೆಗೆ ಬರುವ ಹಾಡೊಂದುಂಟು. ಬಾಲ್ಯವನ್ನು ನೆನೆಯುವ ಹಾಡೊಂದುಂಟು.

ಇವರಿಗೆ ಸಾಹಿತ್ಯವನ್ನು ಒದಗಿಸಿದವನು ಬೊಗ್ದಾನ್ ಲೋಬ್ಲ್ ಎಂಬ ಕವಿ. ಛಂದಸ್ಸನ್ನು ಓದಿದವನಾದ ನನಗೆ ಅತ್ಯಂತ ಕುತೂಹಲ ಹುಟ್ಟಿಸಿದುದು ಈತನ ಕೆಲಸವೇ. ಇಂಗ್ಲಿಷಿನಲ್ಲಿ ಒಂದಕ್ಷರದ ಪದಗಳು ಹೇರಳ. ಆದುದರಿಂದ ಪಂಕ್ತಿಯನ್ನು ಆಘಾತದ ಅಕ್ಷರದ ಮೇಲೆ ಥಟ್ಟನೆ ನಿಲ್ಲಿಸಬಹುದು. ಪೋಲಿಷಿನಲ್ಲಿಯಾದರೋ ಆಘಾತವು ಸಾಮಾನ್ಯವಾಗಿ ಪದದ ಕೊನೆಯಿಂದ ಎರಡನೆಯ ಅಕ್ಷರದ ಮೇಲೆ ಬೀಳುತ್ತದೆ; ಕೊನೆಯ ಅಕ್ಷರವು ಸಪ್ಪೆಯಾಗಿ ಜಾರಿಹೋಗುತ್ತದೆ. ಗಟ್ಟಿಯಾಗಿ ನಿಲ್ಲಬೇಕಾದರೆ ಏಕಾಕ್ಷರ ಪದವನ್ನೇ ಹುಡುಕಿ ತರಬೇಕು. 1971ರ ಮುದ್ರಿಕೆಯಲ್ಲಿ ‘ಅವರು ಈಗಲೇ ಇಲ್ಲಿಗೆ ಬರುವರು’ ಎಂಬರ್ಥದ ಹಾಡಿನ ಹೆಸರು ‘ತು’ ಎಂಬ ಪದದಿಂದ ಮುಗಿಯುತ್ತದೆ. ‘ತು’ ಎಂದರೆ ‘ಇಲ್ಲಿ’. ಬಾಗಿಲನ್ನು ತಟ್ಟಿದಂತಿದೆ ಆ ಅಕ್ಷರ! ಬಹುಮಟ್ಟಿಗೆ ಸ್ವರಾಂತವಾದ ನಮ್ಮ ಕನ್ನಡಕ್ಕೆ ಈ ತೊಡಕೂ ಇಲ್ಲ. ಕೊನೆಯ ಸ್ವರವನ್ನು ಉಸಿರಿರುವಷ್ಟು ಹೊತ್ತು ಎಳೆಯಬಹುದು. ಇದನ್ನು ನಾನು ಮೊಮ್ಮಗನಿಗೆ ಹೇಳಿದೆನು. ಅವನು ಒಪ್ಪಲಿಲ್ಲ, ಆದರೆ ಆ ಹಾಡನ್ನು ಇನ್ನೊಮ್ಮೆ ಹಾಕೆಂದನು.

ಅಂದಿನ ಕಮ್ಯೂನಿಸ್ಟ್ ಆಡಳಿತಕ್ಕೆ ಇವರ ಉದ್ದ ಕೂದಲೂ ಪಾಶ್ಚಾತ್ಯ ರೀತಿಯೂ ರುಚಿಸಲಿಲ್ಲ. ಸರ್ಕಾರದ ರೇಡಿಯೋ, ಟೆಲಿವಿಷನ್ನುಗಳು 1970ರ ಸುಮಾರಿಗೆ ಇವರನ್ನು ದೂರವಿಟ್ಟವು. ವಿನೋದವೆಂದರೆ, ಮುದ್ರಿಕೆಗಳನ್ನು ಹೊರಡಿಸಿದುದೂ ಸರ್ಕಾರದ ಸಂಸ್ಥೆಯೇ! ಒಂದು ಕೈ ಬಾಯಿ ಮುಚ್ಚಿದರೆ ಇನ್ನೊಂದು ಕೈ ಹಾಡನ್ನು ಮಾರುತ್ತಿತ್ತು. ಜನರು ಕಛೇರಿಗಳಲ್ಲಿಯೂ ಮುದ್ರಿಕೆಗಳಲ್ಲಿಯೂ ಇವರನ್ನು ಕೇಳಿದರು. ವಾದಕರು ಮೇಲಿಂದ ಮೇಲೆ ಬದಲಾದರು. 1980ರ ದಶಕದ ಆರಂಭದಲ್ಲಿ ಮೇಳವು ಚದರಿತು.

ಅಷ್ಟರಲ್ಲಿ ಹಾದಿ ಬಿದ್ದಿತ್ತು. ಗಣಿಗಳ ನಾಡಾದ ಸಿಲೇಸಿಯದಲ್ಲಿ ‘ಜೆಮ್’ ಎಂಬ ಮೇಳವು ಪೋಲಿಷಿನಲ್ಲಿಯೇ ಬ್ಲೂಸನ್ನು ಹಾಡಿ ಮನೆಮಾತಾಯಿತು. ಅದರ ಗಾಯಕ ರೀಷರ್ಡ್ ರೀಡೆಲ್ 1994ರಲ್ಲಿ ಅಕಾಲಮರಣಕ್ಕೆ ತುತ್ತಾದನು. ಅದೇ ಸೀಮೆಯ ಕಾತೊವಿತ್ಸೆ ನಗರದಲ್ಲಿ 1981ರಲ್ಲಿ ಬ್ಲೂಸ್ ಉತ್ಸವವೊಂದು ಆರಂಭವಾಯಿತು. ಮಿರಾ 2005ರಲ್ಲಿ ತೀರಿಕೊಂಡಳು, ನಲೆಪ 2007ರಲ್ಲಿ.

1971ರ ಮುದ್ರಿಕೆಯ ಹೊದಿಕೆಯ ಮೇಲೆ ಮಾರೆಕ್ ಕಾರೆವಿಚ್ ತೆಗೆದ ಭಾವಚಿತ್ರವೊಂದಿದೆ. ಉದ್ದ ಕೂದಲಿನ ನಲೆಪ ತನ್ನ ಪುಟ್ಟ ಮಗನ ಕೈ ಹಿಡಿದು ನಡೆಯುತ್ತಿದ್ದಾನೆ. ಆ ಬಾಲಕ ಪ್ಯೋತ್ರ್ ದೊಡ್ಡವನಾಗಿ ತಾನೂ ಗಿಟಾರು ಹಿಡಿದನು. ತಂದೆಯೊಡನೆ ವೇದಿಕೆಯ ಮೇಲೆ ನಿಂತು ಅದೇ ಪೋಲಿಷ್ ಹಾಡುಗಳಿಗೆ ನುಡಿಸಿದನು.