ಎಷ್ಟ್ ಹೊತ್ತ್ ಬೇಕ್ ಮಗಾ?

ಫೋನಿಗೆ ಸಿಕ್ಕಿದಾಗಲೆಲ್ಲ ಅಜ್ಜಿಯದು ಒಂದೇ ಪ್ರಶ್ನೆ. "ಅಲ್ಲಿಂದ ಹೆಮ್ಮಾಡಿಗ್ ಬಪ್ಪುಕೆ ಎಷ್ಟ್ ಹೊತ್ತ್ ಬೇಕ್ ಮಗಾ?" ಎಷ್ಟು ದೂರ ಅಂತ ಅವಳು ಯಾವತ್ತೂ ಕೇಳಿದವಳಲ್ಲ.

2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಏರ್ ಇಂಡಿಯಾದ ನೇರ ವಿಮಾನ ಶುರುವಾದಾಗ ನನಗೋ ಖುಷಿ. ಮೊದಲ ವಿಮಾನವನ್ನು ಮಹಿಳಾ ಪೈಲಟ್‌ಗಳೇ ಉತ್ತರ ಧ್ರುವದ ಮೇಲಿಂದ ಹಾರಿಸಿಕೊಂಡು ಬಂದಿದ್ದರು. ನೇರ ದೂರ 13,993 ಕಿಲೋಮೀಟರ್. ಗೋಡೆಯ ನಕ್ಷೆ ನೋಡಿದರೆ ಇದೆಂಥ ಸುತ್ತು ದಾರಿ ಅನ್ನಿಸುತ್ತದೆ. ಗ್ಲೋಬಿನ ಮೇಲೆ ದಾರ ಬಿಗಿದು ನೋಡಿ, ಧ್ರುವದ ಹತ್ತಿರವೇ ಹಾಯುತ್ತದೆ. "ಹದಿನೇಳ್ ಗಂಟೆ ಅಜ್ಜಿ. ಕೂತ್ರೆ ಇಳುದ್ ಬೆಂಗ್ಳೂರಂಗೇ" ಅಂದೆ. "ಹಾಂಗಾರೆ ಅಡ್ಡಿಲ್ಲ" ಅಂದಳು.

2023ರ ಜನವರಿ. ಮಾರಣಕಟ್ಟೆ ಜಾತ್ರೆ ಮುಗಿದಿತ್ತಷ್ಟೇ. ಬೆಳಿಗ್ಗೆ ಏಳಕ್ಕೆ ಅಜ್ಜಿ ಹೋದಳು. ನನಗಲ್ಲಿ ಹಿಂದಿನ ದಿನದ ಸಂಜೆ ಐದೂವರೆ. ನೇರ ವಿಮಾನ ದಿನಾ ಇರಲಿಲ್ಲ, ಪುಣ್ಯಕ್ಕೆ ಮರುದಿನ ರಾತ್ರಿಗೆ ಸೀಟು ಸಿಕ್ಕಿತು. "ಕಾಯುಕಾತಿಲ್ಲ ಮಗಾ" ಎಂದು ಅಪ್ಪ ಫೋನಿಟ್ಟರು.

ನಿಮಿಷಕ್ಕೆ ಹದಿನಾಲ್ಕು ಕಿಲೋಮೀಟರ್ ಓಡುವ ವಿಮಾನದಲ್ಲಿ ಕೂತು ಎದುರಿನ ಪರದೆಯ ಪುಟ್ಟ ವಿಮಾನವನ್ನೇ ನೋಡುತ್ತಿದ್ದೆ. ಅದು ಅಲ್ಲಾಡಿದ ಹಾಗೇ ಕಾಣುತ್ತಿರಲಿಲ್ಲ. ಬೆಂಗಳೂರಲ್ಲಿ ಇಳಿದ ಮೇಲೆ ಹಾಸನ, ಸಕಲೇಶಪುರ, ಶಿರಾಡಿ ಘಾಟಿಯ ಲಾರಿ ಸಾಲು. ನಾನೂರು ಚಿಲ್ಲರೆ ಕಿಲೋಮೀಟರಿಗೆ ಹತ್ತು ಗಂಟೆ! ಹದಿನೇಳರ ಲೆಕ್ಕ ಹೇಳುವಾಗ ನಾನು ಇದ್ಯಾವುದನ್ನೂ ಸೇರಿಸಿರಲಿಲ್ಲ.

ಮನೆ ಮುಟ್ಟುವಾಗ ಮೂರನೇ ದಿನದ ಮಧ್ಯಾಹ್ನ. ಹೂ ಕೊಯ್ದು ಮುಗಿದ ಸೇವಂತಿಗೆ ಗದ್ದೆಯ ಬದಿಯಲ್ಲಿ ಅಪ್ಪ ಒಬ್ಬರೇ ನಿಂತಿದ್ದರು. ನನಗೆ ಮಾತು ಹೊರಡಲಿಲ್ಲ. "ಮೂರ್ ದಿನ ಆಯ್ತಲ್ಲ ಅಪ್ಪ" ಅಂದೆ.

"ನಾನೂ ಮೂರ್ನೇ ದಿನವೇ ಬಂದದ್" ಅಂದರು.

1985ರ ಮಾತು. ಅಪ್ಪ ಆಗ ಬೊಂಬಾಯಿಯ ಹೋಟೆಲಿನಲ್ಲಿದ್ದರು. ಅಜ್ಜ ತೀರಿಹೋದ ಟೆಲಿಗ್ರಾಂ ಕೈಸೇರಿದ್ದೇ ಮರುದಿನ, ಮತ್ತೆ ಬಸ್ಸಿನಲ್ಲಿ ಒಂದು ಹಗಲು, ಒಂದು ರಾತ್ರಿ. ಸಾವಿರ ಕಿಲೋಮೀಟರ್ ಕೂಡ ಇಲ್ಲದ ದಾರಿ ಅದು. 1998ರಲ್ಲಿ ಕೊಂಕಣ ರೈಲು ಪೂರ್ತಿಯಾದ ಮೇಲೆ ಬೊಂಬಾಯಿ ಒಂದು ರಾತ್ರಿಯ ಮಾತಾಯಿತು. ಅಷ್ಟರಲ್ಲಿ ಅಪ್ಪ ಊರಿಗೆ ಬಂದಾಗಿತ್ತು, ನಾನು ದೂರ ಹೋಗಲಿಕ್ಕೆ ಓದುತ್ತಿದ್ದೆ.

ಆವತ್ತು ಮಗನಿಗಾಗಿ ಬಾಗಿಲು ನೋಡುತ್ತ ಕೂತವಳು ಅಜ್ಜಿ. ಅವಳು ನನ್ನ ಹತ್ತಿರ ಕೇಳುತ್ತಿದ್ದದ್ದು ವಿಮಾನದ ಲೆಕ್ಕವಲ್ಲ ಅಂತ ಗೊತ್ತಾಗುವಾಗ ಹೇಳಲಿಕ್ಕೆ ಅವಳಿರಲಿಲ್ಲ.

ಈಗ ಅಪ್ಪ ಫೋನ್ ಮಾಡಿದರೆ ಹವೆ, ಅಡಿಕೆ ರೇಟು, ಎಲ್ಲ ಮಾತಾಡುತ್ತಾರೆ. ಎಷ್ಟು ಹೊತ್ತು ಬೇಕು ಅಂತ ಮಾತ್ರ ಕೇಳುವುದಿಲ್ಲ. ಅವರಿಗೆ ಗೊತ್ತು.