ನಲವತ್ತು ಹನಿ ರಕ್ತದ ಲೆಕ್ಕ

ನಾವು ಹಸಿವಿನ ಬಗ್ಗೆ ಬರೆದಿದ್ದೇವೆ. ಭೂಮಿಯ ಬಗ್ಗೆ, ಬಾವಿಯ ನೀರಿನ ಬಗ್ಗೆ, ಗುಡಿಯ ಬಾಗಿಲಿನ ಬಗ್ಗೆ ಬರೆದಿದ್ದೇವೆ. ಹಸ್ತಮೈಥುನದ ಬಗ್ಗೆ ಬರೆದದ್ದು ಕಡಿಮೆ. ಇದೇನು ಬರೆಯುವ ವಿಷಯವೇನೋ ಎಂದು ಕೇಳುವವರಿದ್ದಾರೆ. ಹೌದು ಎನ್ನುತ್ತೇನೆ. ನಮ್ಮ ಹುಡುಗರ ಕೂಲಿಯ ದುಡ್ಡು ಇದೊಂದರ ಹೆದರಿಕೆಯಲ್ಲಿ ಸೋರಿಹೋಗುತ್ತಿದೆ. ನಮ್ಮ ಹೆಣ್ಣುಮಕ್ಕಳ ಬಾಳು ಇದೇ ಹೆದರಿಕೆಯಲ್ಲಿ ಕೆಡುತ್ತಿದೆ. ದುಡ್ಡು ಸೋರುವಲ್ಲಿ, ಬಾಳು ಕೆಡುವಲ್ಲಿ ನಾವು ಬಾಯಿ ಮುಚ್ಚಿಕೊಂಡಿರುವುದು ಯಾವ ಬಂಡಾಯ?

ನಾನು ಔರಾದ ತಾಲೂಕಿನವ. ಅಪ್ಪ ಕೂಲಿ, ಅವ್ವ ಕೂಲಿ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವ ನಾನೇ ಮೊದಲು. ಬೀದರದ ಹಾಸ್ಟೆಲಿನಲ್ಲಿದ್ದು ಬಿ.ಎ. ಓದಿದೆ. ಊರಿಂದ ಬೀದರಕ್ಕೆ ಬಸ್ಸಿನಲ್ಲಿ ಬರುವಾಗ ಗೋಡೆ ಓದುತ್ತ ಬರುತ್ತಿದ್ದೆ. ನಮ್ಮ ಕಡೆ ಗೋಡೆಗಳೂ ನಾಕು ಭಾಷೆ ಮಾತಾಡುತ್ತವೆ. ಕನ್ನಡ, ಮರಾಠಿ, ಉರ್ದು, ಹಿಂದಿ. ಚುನಾವಣೆ ಮುಗಿದ ಮೇಲೆ ಪುಡಾರಿಗಳ ಹೆಸರು ಅಳಿಸಿಹೋಗುತ್ತದೆ. ‘ಗುಪ್ತ ರೋಗ’ ಎಂಬುದು ಮಾತ್ರ ಅಳಿಸುವುದಿಲ್ಲ. ಅದರ ಕೆಳಗೆ ‘ಬಚಪನ್ ಕೀ ಗಲತಿ’. ಚಿಕ್ಕಂದಿನ ತಪ್ಪಂತೆ. ಅದರ ಕೆಳಗೆ ಒಂದು ಮೊಬೈಲ್ ನಂಬರು. ತಪ್ಪು ಯಾವುದು ಎಂದು ಗೋಡೆ ಬಾಯಿಬಿಟ್ಟು ಹೇಳುವುದಿಲ್ಲ. ಓದಿದ ಪ್ರತಿಯೊಬ್ಬ ಹುಡುಗನಿಗೂ ಅದು ತನಗೇ ಬರೆದದ್ದೆಂದು ತಿಳಿಯುತ್ತದೆ.

ಹಾಸ್ಟೆಲಿನಲ್ಲಿ ನನ್ನ ಕೋಣೆಯಲ್ಲಿ ಭಾಲ್ಕಿ ಕಡೆಯ ಒಬ್ಬ ಗೆಳೆಯನಿದ್ದ. ಆಗ ಅವನಿಗೆ ಇಪ್ಪತ್ತು ವರ್ಷ. ರಜೆಯಲ್ಲಿ ತೊಗರಿ ರಾಶಿಗೆ, ಕಬ್ಬು ಕಡಿಯಲಿಕ್ಕೆ ಹೋಗಿ ಬರುತ್ತಿದ್ದ. ಒಂದು ಚಳಿಗಾಲ ಅವನು ಮಾತು ಬಿಟ್ಟ. ಮೆಟ್ಟಿಲು ಹತ್ತಿದರೆ ಏದುಸಿರು. ಪುಸ್ತಕ ತೆರೆದರೆ ಕಣ್ಣಿಗೆ ಕತ್ತಲೆ. ನಾನು ಕೇಳಿ ಕೇಳಿ ಸೋತ ಮೇಲೆ ಒಂದು ರಾತ್ರಿ ಅಂದ:

‘ನಂದು ಎಲ್ಲಾ ಹೋಗಿಬಿಟ್ಟದ ದೋಸ್ತ. ನಲವತ್ತು ಹನಿ ರಕ್ತ ಕೂಡಿದ್ರ ಒಂದು ಹನಿ ಧಾತು ಆಗ್ತದಂತ. ನಾ ಕೈಲಿಂದ ಎಷ್ಟು ಕಳದೀನೋ ಏನೋ. ಇನ್ನ ಲಗ್ನಕ್ಕೂ ಬರಲ್ಲ, ದುಡಿಲಿಕ್ಕೂ ಬರಲ್ಲ ಅಂದಾನ.’

ಹೀಗೆಂದು ಹೇಳಿದವ ರಸ್ತೆ ಬದಿಯಲ್ಲಿ ಡೇರೆ ಹಾಕಿದ್ದ ಒಬ್ಬ ವೈದ್ಯ. ಗಾಜಿನ ಬಾಟಲಿಯಲ್ಲಿ ಬೇರು, ಒಣಗಿದ ಹಲ್ಲಿಯಂಥದು ಏನೇನೋ ಇಟ್ಟುಕೊಂಡು ಕೂತಿದ್ದ. ನಾಡಿ ಹಿಡಿದ, ಕಣ್ಣು ನೋಡಿದ, ಪುಡಿ ಕೊಟ್ಟ. 4,500 ರೂಪಾಯಿ. ದಿನಕ್ಕೆ 300ರ ಲೆಕ್ಕದಲ್ಲಿ ಹದಿನೈದು ದಿನದ ಕೂಲಿ. ಆ ದುಡ್ಡಿಗಾಗಿ ಅವನ ಅವ್ವ ಮನೆಯ ಒಂದು ಆಡು ಮಾರಿದ್ದಳು. ಯಾತಕ್ಕೆ ಎಂದು ಆಕೆಗೆ ಹೇಳಿರಲಿಲ್ಲ. ಪರೀಕ್ಷೆ ಫೀಜು ಅಂದಿದ್ದ.

ಅವನನ್ನು ಎಬ್ಬಿಸಿಕೊಂಡು ಸರ್ಕಾರಿ ದವಾಖಾನೆಗೆ ಹೋದೆ. ಅಲ್ಲಿಯ ಡಾಕ್ಟರು ಎಲ್ಲ ಕೇಳಿಸಿಕೊಂಡರು. ನಗಲಿಲ್ಲ, ಬೈಯಲಿಲ್ಲ. ಮೊದಲು ಕೇಳಿದ್ದು ಇಷ್ಟೇ: ‘ಮುಂಜಾನಿ ಏನ್ ತಿಂದೀಪಾ?’

ಡೇರೆಯಲ್ಲಿ ಯಾರೂ ಕೇಳದ ಪ್ರಶ್ನೆ ಅದು. ರಕ್ತ ತೆಗೆದು ನೋಡಿದರು. ಹಿಮೋಗ್ಲೋಬಿನ್ 9 ಗ್ರಾಂ. ಗಂಡಸಿಗೆ 13ಕ್ಕಿಂತ ಕಡಿಮೆಯಾದರೆ ಅದು ರಕ್ತಹೀನತೆ. ಜಂತಿನ ಗುಳಿಗೆ, ಕಬ್ಬಿಣದ ಗುಳಿಗೆ ಕೊಟ್ಟರು. ಬೇಳೆ, ಸೊಪ್ಪು, ಮೊಟ್ಟೆ ತಿನ್ನು ಅಂದರು. ಮೂರು ತಿಂಗಳಲ್ಲಿ ಅವನು ಮೆಟ್ಟಿಲನ್ನು ಎರಡೆರಡಾಗಿ ಹತ್ತುತ್ತಿದ್ದ. ರಕ್ತ ಕಡಿಮೆಯಾಗಿದ್ದು ಖರೇ. ಅದು ಹೋಗಿದ್ದು ಕೈಯಿಂದಲ್ಲ. ಹೊಟ್ಟೆಗೆ ಬರಬೇಕಾದ್ದು ಬಂದೇ ಇರಲಿಲ್ಲ.

ನಾನು ಹೇಳಬೇಕೆಂದಿರುವುದು ಇದೇ. ನಮ್ಮ ಮೈಯ ನಿತ್ರಾಣಕ್ಕೆ ಕಾರಣಗಳಿವೆ. ಹಸಿವಿದೆ, ಅಳತೆ ಮೀರಿದ ದುಡಿಮೆಯಿದೆ, ಜಂತುಹುಳು ಇದೆ, ಕ್ಷಯ ಇದೆ, ಗುಟ್ಕಾ ಇದೆ, ಸೆರೆ ಇದೆ, ನಿದ್ದೆಗೇಡು ಇದೆ. ಈ ವ್ಯವಸ್ಥೆ ಅವನ್ನೆಲ್ಲ ಬದಿಗಿಟ್ಟು ನಮ್ಮ ಕೈಯನ್ನೇ ನಮಗೆ ತೋರಿಸುತ್ತದೆ. ನಿನ್ನ ಹಸಿವಿಗೆ ನೀನೇ ಕಾರಣ, ನಿನ್ನ ಪಾಪವೇ ಕಾರಣ ಎನ್ನುತ್ತದೆ. ಈ ಮಾತು ನಮ್ಮವರಿಗೆ ಹೊಸದೇ? ಹಿಂದಿನ ಜನ್ಮದ ಕರ್ಮ ಎಂದು ಸಾವಿರಾರು ವರ್ಷ ಹೇಳಿದರು. ಈಗ ಚಿಕ್ಕಂದಿನ ತಪ್ಪು ಎನ್ನುತ್ತಾರೆ.

ಆ ನಲವತ್ತು ಹನಿಯ ಲೆಕ್ಕ ಎಲ್ಲಿಂದ ಬಂತು? ಆಯುರ್ವೇದ ಏಳು ಧಾತುಗಳನ್ನು ಹೇಳುತ್ತದೆ. ರಸ, ರಕ್ತ, ಮಾಂಸ, ಮೇದಸ್ಸು, ಅಸ್ಥಿ, ಮಜ್ಜೆ, ಕೊನೆಗೆ ಶುಕ್ರ. ಒಂದರಿಂದ ಒಂದು ಹುಟ್ಟುತ್ತದೆ, ಕೊನೆಯದು ಎಲ್ಲಕ್ಕೂ ಸಾರ ಎಂಬ ನಂಬಿಕೆ. ಇದರ ಜೊತೆಗೆ ಬ್ರಹ್ಮಚರ್ಯದ ಉಪದೇಶ ಸೇರಿತು. ಗುರುಕುಲದ ಬಾಗಿಲನ್ನು ನಮಗೆ ಯಾರೂ ತೆರೆಯಲಿಲ್ಲ. ಅಲ್ಲಿಯ ಹೆದರಿಕೆ ಮಾತ್ರ ನಮ್ಮ ಕೇರಿಗೆ ಪುಕ್ಕಟೆ ಬಂತು. ಯುರೋಪಿನವರೂ ಕಡಿಮೆಯವರಲ್ಲ. ಸ್ವಿಟ್ಜರ್ಲೆಂಡಿನ ತಿಸ್ಸೊ ಎಂಬ ವೈದ್ಯ 1760ರಲ್ಲಿ ಇದರ ಮೇಲೆ ಒಂದು ಪುಸ್ತಕವನ್ನೇ ಬರೆದು, ಇದರಿಂದ ಕಣ್ಣು ಹೋಗುತ್ತದೆ, ಬುದ್ಧಿ ಕೆಡುತ್ತದೆ ಎಂದು ಬೆದರಿಸಿದ. ಅಲ್ಲಿಯ ವೈದ್ಯಶಾಸ್ತ್ರ ಮುಂದೆ ಅದನ್ನೆಲ್ಲ ಕೈಬಿಟ್ಟಿತು. ನಮ್ಮ ಗೋಡೆಗಳು ಬಿಟ್ಟಿಲ್ಲ. ಭಾರತದ ಮನೋವೈದ್ಯ ಎನ್. ಎನ್. ವಿಗ್ 1960ರಲ್ಲಿ ಈ ಹೆದರಿಕೆಗೇ ಒಂದು ಹೆಸರು ಕೊಟ್ಟರು, ಧಾತ್ ಸಿಂಡ್ರೋಮ್ ಎಂದು. ಧಾತು ಹೋಗಿ ತಾನು ಸತ್ವಗೆಟ್ಟೆ ಎಂದು ನಂಬಿ ಗಂಡಸು ನಿಜವಾಗಿಯೂ ಸೊರಗುತ್ತಾನೆ. ನಿದ್ದೆ ಹೋಗುತ್ತದೆ, ಹಸಿವೆ ಹೋಗುತ್ತದೆ, ಎದೆ ಡವಗುಟ್ಟುತ್ತದೆ. ಕೆಲವರು ಜೀವ ಬೇಡವೆನ್ನುವ ತನಕ ಹೋಗುತ್ತಾರೆ. ರೋಗ ಇರುವುದು ಈ ನಂಬಿಕೆಯಲ್ಲಿ.

ಈಗ ಖರೇ ಲೆಕ್ಕ ನೋಡೋಣ. ಒಂದು ಸಲಕ್ಕೆ ಹೊರಬರುವುದು ಹೆಚ್ಚೆಂದರೆ ಒಂದು ಸಣ್ಣ ಚಮಚ. 2ರಿಂದ 5 ಮಿಲಿಲೀಟರ್. ಅದರಲ್ಲಿ ಬಹುಪಾಲು ನೀರು. ಜೊತೆಗೆ ಸ್ವಲ್ಪ ಸಕ್ಕರೆ, ಸ್ವಲ್ಪ ಪ್ರೋಟೀನು, ಒಂದಿಷ್ಟು ಸತು. ರಕ್ತ ಕೂಡಿಸಿ ಮಾಡಿದ್ದಲ್ಲ, ಮಜ್ಜೆ ಹಿಂಡಿ ಮಾಡಿದ್ದಲ್ಲ. ಕೆಲವು ಗ್ರಂಥಿಗಳು ಅದನ್ನು ಮಾಡುತ್ತವೆ, ಬಾಯಲ್ಲಿ ಜೊಲ್ಲು ಊರಿದ ಹಾಗೆ. ಒಂದು ಹಿಡಿ ಶೇಂಗಾದಲ್ಲಿ ಅದಕ್ಕಿಂತ ಎಷ್ಟೋ ಪಟ್ಟು ಪ್ರೋಟೀನು ಇದೆ. ವೀರ್ಯಾಣುಗಳು ಹರೆಯದಿಂದ ಮುಪ್ಪಿನವರೆಗೆ ದಿನಾಲೂ ಕೋಟಿಗಟ್ಟಲೆ ಹುಟ್ಟುತ್ತವೆ. ಹೊರಗೆ ಹೋಗದಿದ್ದರೆ ಒಳಗೇ ಕರಗುತ್ತವೆ. ಕೂಡಿಟ್ಟರೆ ಬೆಳೆಯುವ ಗಂಟಲ್ಲ ಅದು, ಖರ್ಚಾದರೆ ತೀರುವ ಹಗೇವಿನ ಜೋಳವೂ ಅಲ್ಲ.

ಇದರಿಂದ ಕಣ್ಣು ಹೋಗುವುದಿಲ್ಲ. ಅಂಗ ಸಣ್ಣದಾಗುವುದಿಲ್ಲ. ನರ ಸೋಲುವುದಿಲ್ಲ. ಮಕ್ಕಳಾಗದೆ ಇರುವುದಿಲ್ಲ. ನಿದ್ದೆಯಲ್ಲಿ ಹೋಗುವುದೂ ರೋಗವಲ್ಲ, ದೋಷವಲ್ಲ. ‘ಸ್ವಪ್ನ ದೋಷ’ ಎಂಬ ಹೆಸರೇ ಸುಳ್ಳು. ಕೆಲವೊಮ್ಮೆ ಉಚ್ಚೆ ಬಿಳುಪಾಗಿ ಹೋಗುವುದು ಉಪ್ಪಿನಂಶದಿಂದ, ಧಾತುವಿನಿಂದಲ್ಲ. ಉರಿ ಇದ್ದರೆ, ಕೀವು ಇದ್ದರೆ, ರಕ್ತ ಕಂಡರೆ ಮಾತ್ರ ಡಾಕ್ಟರ ಹತ್ತಿರ ಹೋಗಬೇಕು. ಬಹುತೇಕ ಗಂಡಸರು ಒಂದಿಲ್ಲೊಂದು ಕಾಲದಲ್ಲಿ ಇದನ್ನು ಮಾಡುತ್ತಾರೆ. ಹೆಂಗಸರೂ ಮಾಡುತ್ತಾರೆ. ಲಗ್ನವಾದವರೂ ಮಾಡುತ್ತಾರೆ. ಈ ಮಾತು ಬರೆಯುತ್ತಿರುವ ನಾನೂ ಅವರಲ್ಲೊಬ್ಬ. ಮಾಡದವರೂ ಇದ್ದಾರೆ, ಅವರಿಗೂ ಏನೂ ಕೊರತೆಯಿಲ್ಲ.

ಹಾಗಾದರೆ ಕೆಡುಕೇ ಇಲ್ಲವೇ ಎಂದು ಕೇಳಬಹುದು. ಇದೆ, ಅದನ್ನೂ ಹೇಳಬೇಕು. ಓದು, ಕೆಲಸ, ನಿದ್ದೆ ಎಲ್ಲ ಬಿಟ್ಟು ಅದೇ ಧ್ಯಾನವಾದರೆ, ಬಿಡಬೇಕೆಂದರೂ ತಿಂಗಳುಗಟ್ಟಲೆ ಬಿಡಲಾಗದಿದ್ದರೆ, ಅದು ಮನಸ್ಸಿನ ತೊಂದರೆ, ಅದಕ್ಕೆ ಚಿಕಿತ್ಸೆ ಇದೆ. ದಿನಾಲೂ ಒಂದೇ ಬಿಗಿಗೆ, ಮೊಬೈಲಿನ ಚಿತ್ರಕ್ಕೇ ಒಗ್ಗಿದವನಿಗೆ ಹೆಂಡತಿಯ ಹತ್ತಿರ ಕಷ್ಟವಾಗಬಹುದು. ರೂಢಿ ಬದಲಿಸಿದರೆ ಅದು ಸರಿಹೋಗುತ್ತದೆ. ಮೊಬೈಲಿನಲ್ಲಿ ಕಂಡದ್ದನ್ನು ಹೆಂಡತಿಯ ಮೈಮೇಲೆ ಹೇರಲು ಹೋದರೆ ಅದು ಹಿಂಸೆ. ಹಾಗೆ ಮಾಡುವವನು ಧಣಿಯ ಮನೆಯ ದರ್ಪವನ್ನು ತನ್ನ ಗುಡಿಸಲಿಗೆ ತಂದಂತೆ. ಆಕೆಯನ್ನು ಕೇಳಬೇಕು. ಆಕೆ ಒಲ್ಲೆ ಅಂದರೆ ಒಲ್ಲೆ.

ಸಂಬಂಧಗಳನ್ನು ಹೆಚ್ಚು ಕೆಡಿಸುವುದು ಮಾತ್ರ ಹೆದರಿಕೆಯೇ. ನಮ್ಮ ದೊಡ್ಡಪ್ಪನ ಮಗಳನ್ನು ಭಾಲ್ಕಿ ಕಡೆ ಕೊಟ್ಟಿದ್ದರು. ಲಗ್ನವಾಗಿ ಎಂಟು ತಿಂಗಳು ಗಂಡ ಹತ್ತಿರ ಬರಲಿಲ್ಲ. ಅತ್ತೆಯ ಮನೆಯಲ್ಲಿ ಆಕೆಗೇ ಮಾತು. ಸೊಸಿ ಕಾಲ್ಗುಣ ಸರಿಯಿಲ್ಲ, ಸೊಸಿಗೆ ಗಾಳಿ ಬಡದದ. ಕಡೆಗೆ ತವರಿಗೆ ಕಳಿಸಿದರು. ನಮ್ಮ ಅಂಗಳದಲ್ಲಿ ಕೂತು ಅಕ್ಕ ನನಗೆ ಹೇಳಿದಳು: ‘ಅವರಿಗಿ ನನ್ನ ಮ್ಯಾಲ ಸಿಟ್ಟಿಲ್ಲ ತಮ್ಮಾ. ತಮ್ಮ ಮೈ ಮ್ಯಾಲೇ ಹೆದರಿಕಿ ಅದ. ರಾತ್ರಿ ಅಳ್ತಾರ.’

ಮಾವನನ್ನು ನಾನೇ ಹೋಗಿ ಕಂಡೆ. ಲಗ್ನದ ಮುಂಚೆ ಅವನೂ ಒಂದು ಡೇರೆಗೆ ಹೋಗಿ ಬಂದಿದ್ದ. ‘ಒಳಗ ಏನೂ ಉಳಿದಿಲ್ಲ’ ಎಂದು ಅಲ್ಲಿ ಹೇಳಿದ್ದರು. ಆ ಒಂದು ಮಾತು ಹೊತ್ತುಕೊಂಡು ಮಂಟಪದಲ್ಲಿ ಕೂತಿದ್ದ ಪಾಪ. ಡಾಕ್ಟರ ಹತ್ತಿರ ಕರೆದೊಯ್ದು ತೋರಿಸಿದ ಮೇಲೆ ಎಲ್ಲ ಸರಿಯಾಗಿದೆ ಎಂದು ಗೊತ್ತಾಯಿತು. ಗಂಡಹೆಂಡತಿಯನ್ನು ಎದುರುಬದುರು ಕೂಡಿಸಿ ಡಾಕ್ಟರು ಮಾತಾಡಿದರು. ಈಗ ಆ ಮನೆಯಲ್ಲಿ ಒಂದು ಹೆಣ್ಣುಕೂಸು ಆಡುತ್ತಿದೆ. ಆದರೆ ಅಕ್ಕನಿಗೆ ಅಂಟಿಸಿದ ಮಾತನ್ನು ಯಾರೂ ವಾಪಸು ತಗೊಳ್ಳಲಿಲ್ಲ. ಗಂಡಸಿನ ಹೆದರಿಕೆಗೆ ದಂಡ ಕಟ್ಟಿದವಳು ಹೆಂಗಸು.

ಈ ದಂಧೆಗೆ ಕಾನೂನಿನ ತಡೆ ಇಲ್ಲವೆಂದಲ್ಲ. ಲೈಂಗಿಕ ಶಕ್ತಿ ಹೆಚ್ಚಿಸುವ ಔಷಧ ಎಂದು ಜಾಹೀರಾತು ಕೊಡುವುದು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯಲ್ಲಿ ಅಪರಾಧ. ಆದರೂ ಗೋಡೆ ತುಂಬ ಅದೇ. ಮೋಸಹೋದವನು ದೂರು ಕೊಡುವುದಿಲ್ಲ. ಏನೆಂದು ಕೊಟ್ಟಾನು? ಅವನ ನಾಚಿಕೆಯೇ ಅವರ ಬಂಡವಾಳ. ಡೇರೆಯವರ ಜಾತಿ ಬೇರೆ, ಧರ್ಮ ಬೇರೆ, ಲೆಕ್ಕ ಮಾತ್ರ ಒಂದೇ.

ಆ ನಾಚಿಕೆಯನ್ನು ಕೋರ್ಟಿನಲ್ಲಿ ನಿಂತು ಪ್ರಶ್ನಿಸಿದವರು ಯಾರು ಗೊತ್ತೆ? ಬಾಬಾಸಾಹೇಬರು. ಇದು ನಮ್ಮ ಪಕ್ಕದ ನಾಡಿನ ಮಾತು. 1956ಕ್ಕೆ ಮುಂಚೆ ಉದಗೀರ, ನಿಲಂಗಾ ನಮ್ಮ ಬೀದರ ಜಿಲ್ಲೆಯಲ್ಲೇ ಇದ್ದವು. ಇಂದಿಗೂ ಔರಾದ, ಭಾಲ್ಕಿಯ ಎಷ್ಟೋ ಮನೆಗಳಲ್ಲಿ ಮರಾಠಿ ಆಡುತ್ತಾರೆ. ಅದೇ ಮರಾಠಿಯಲ್ಲಿ ರಘುನಾಥ ಧೋಂಡೋ ಕರ್ವೆ 1927ರಲ್ಲಿ ‘ಸಮಾಜ ಸ್ವಾಸ್ಥ್ಯ’ ಎಂಬ ಪತ್ರಿಕೆ ಶುರು ಮಾಡಿದರು. ಬಾಬಾಸಾಹೇಬರು ಮಹಾಡದ ಕೆರೆಯ ನೀರು ಮುಟ್ಟಿದ ವರ್ಷವೂ ಅದೇ. ಸಂತತಿ ನಿಯಂತ್ರಣ, ಲೈಂಗಿಕ ಆರೋಗ್ಯ ಇವೇ ಆ ಪತ್ರಿಕೆಯ ವಿಷಯ. ಹಸ್ತಮೈಥುನದಂಥ ವಿಷಯಗಳ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಉತ್ತರ ಕೊಟ್ಟಿದ್ದಕ್ಕೆ ಅಶ್ಲೀಲವೆಂದು ಕರ್ವೆಯವರ ಮೇಲೆ ಕೇಸು ಬಿತ್ತು. 1934ರಲ್ಲಿ ಮುಂಬಯಿಯ ಕೋರ್ಟಿನಲ್ಲಿ ಅವರ ಪರ ವಾದಿಸಿದ ವಕೀಲರು ಡಾ. ಬಿ. ಆರ್. ಅಂಬೇಡ್ಕರ್. ಲೈಂಗಿಕ ವಿಷಯ ಬರೆದ ಮಾತ್ರಕ್ಕೆ ಅದು ಅಶ್ಲೀಲವಾಗುವುದಿಲ್ಲ, ಓದುಗ ಕೇಳಿದರೆ ಪತ್ರಿಕೆ ಉತ್ತರ ಹೇಳಬೇಕು, ಅಜ್ಞಾನ ಹೋಗುವುದು ಜ್ಞಾನದಿಂದಲೇ ಎಂಬುದು ಅವರ ವಾದದ ತಿರುಳು. ಕೇಸು ಸೋತಿತು. ಕರ್ವೆ ದಂಡ ಕಟ್ಟಿದರು, ಪತ್ರಿಕೆ ನಿಲ್ಲಿಸಲಿಲ್ಲ. 1953ರಲ್ಲಿ ಸಾಯುವ ತನಕ ನಡೆಸಿದರು.

ನಾವು ಬಾಬಾಸಾಹೇಬರ ಪುತ್ಥಳಿಗೆ ಹಾರ ಹಾಕುತ್ತೇವೆ. ಈ ವಕಾಲತ್ತನ್ನು ಮಾತ್ರ ಮರೆತಿದ್ದೇವೆ. ನೀರು ಮುಟ್ಟುವ ಹಕ್ಕಿನ ಹಾಗೆಯೇ ತನ್ನ ಮೈಯನ್ನು ತಿಳಿಯುವ ಹಕ್ಕು ಕೂಡ. ನಮ್ಮನ್ನು ಮುಟ್ಟಬಾರದವರು ಎಂದ ದೇಶ ಇದು. ಈಗ ನಮ್ಮ ಮೈಯನ್ನು ನಾವೇ ಮುಟ್ಟಬಾರದು ಎಂಬ ಪಾಠ ಕಲಿತು ಕೂಡುವುದೆ?

ಶಾಲೆಯ ಗುರುಗಳಿಗೆ ಒಂದು ಮಾತು. ನಾನು ಓದುವಾಗ ಎಂಟನೆಯ ತರಗತಿಯ ವಿಜ್ಞಾನದಲ್ಲಿ ಹದಿಹರೆಯದ ಪಾಠವಿತ್ತು. ‘ಇದು ಮನ್ಯಾಗ ಓದ್ಕೋರಿ’ ಎಂದು ಹಾಳೆ ತಿರುವಿದರು. ಯಾರ ಮನೆಯಲ್ಲಿ ಓದಬೇಕಿತ್ತು ನಾವು? ಓದು ಬಂದವರಿಲ್ಲದ ಮನೆಯಲ್ಲಿಯೆ? 2007ರಲ್ಲಿ ಕರ್ನಾಟಕ ಸರ್ಕಾರವೂ ಶಾಲೆಗಳಲ್ಲಿ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು ತಡೆಯಿತು. ಶಾಲೆ ಬಾಯಿ ಮುಚ್ಚಿದಲ್ಲಿ ಗೋಡೆ ಬಾಯಿ ತೆರೆಯುತ್ತದೆ, ಮೊಬೈಲು ಬಾಯಿ ತೆರೆಯುತ್ತದೆ. ಆ ಹಾಳೆಯನ್ನು ತಿರುವಬೇಡಿ. ಒಂದು ತಾಸು ಸಾಕು. ಪ್ರಶ್ನೆಗಳನ್ನು ಹೆಸರಿಲ್ಲದ ಚೀಟಿಯಲ್ಲಿ ಬರೆಸಿಕೊಳ್ಳಿ, ನಿಮಗೆ ಮುಜುಗರವಾದರೆ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರನ್ನು ಕರೆಸಿ.

ಸಂಘಟನೆಯ ಗೆಳೆಯರಿಗೂ ಒಂದು ಮಾತು. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದು ಸ್ನೇಹ ಕ್ಲಿನಿಕ್‌ಗಳನ್ನು ಮಾಡಿದ್ದಾರೆ. ಮನಸ್ಸು ಕುಗ್ಗಿದವರಿಗೆ 14416 ಎಂಬ ಟೆಲಿ ಮಾನಸ್ ಸಹಾಯವಾಣಿ 2022ರಿಂದ ಇದೆ. ದುಡ್ಡು ಬೇಡ, ಹೆಸರು ಹೇಳುವ ಒತ್ತಾಯವಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಈ ನಂಬರನ್ನು ಹಾಸ್ಟೆಲಿನ ಗೋಡೆಯ ಮೇಲೆ ಬರೆಯಿರಿ. ‘ಬಚಪನ್ ಕೀ ಗಲತಿ’ ಬರೆದಲ್ಲಿ ಸುಣ್ಣ ಬಳಿದು ಅದರ ಮೇಲೆಯೇ ಬರೆಯಿರಿ.

ಹಾಸ್ಟೆಲಿನ ಊಟದ ತಟ್ಟೆಯಲ್ಲಿ ಮೊಟ್ಟೆ ಯಾಕಿಲ್ಲ, ಸಾರಿನಲ್ಲಿ ಬೇಳೆ ಯಾಕಿಲ್ಲ ಎಂದು ಮೊದಲು ಕೇಳಿರಿ. ನಮ್ಮ ರಕ್ತದ ಲೆಕ್ಕವನ್ನು ನಾವು ಕೇಳಬೇಕಾದ ಜಾಗ ಅದು.